ಫ್ಲಾಪಿ ತೆರೆಯಿತು, ಕನ್ನಡ ತೆರೆಯಲಿಲ್ಲ

"ಸರ, ಇದರಾಗ ನಮ್ಮ ಅಪ್ಪಾರು ಬರದ ಪುಸ್ತಕ ಐತ್ರಿ. ತಗದು ಕೊಡ್ರಿ" ಎಂದು ಗಡಹಿಂಗ್ಲಜದ ಪರಿಚಿತರೊಬ್ಬರು ಶೇಂಗಾ ತಂದ ಪ್ಲಾಸ್ಟಿಕ್ ಚೀಲದಿಂದ ಹನ್ನೊಂದು ಫ್ಲಾಪಿಗಳನ್ನು ನನ್ನ ಮೇಜಿನ ಮೇಲೆ ಸುರಿದರು. ಎರಡಕ್ಕೆ ಬೂಷ್ಟು ಹಿಡಿದಿತ್ತು, ಒಂಬತ್ತು ಓದಿದವು. ಗೆದ್ದೆವು ಎಂದುಕೊಂಡು ಫೈಲು ತೆರೆದರೆ ಪರದೆಯ ತುಂಬ ಪೌಂಡ್ ಚಿಹ್ನೆ, ನೆತ್ತಿಯ ಮೇಲೆ ಗೀಟು ಹೊತ್ತ ಇಂಗ್ಲಿಷಿನ ಎ ಅಕ್ಷರ, ನಡುನಡುವೆ ಪ್ರಶ್ನಾರ್ಥಕ. ಕನ್ನಡದ ಒಂದಕ್ಷರವೂ ಇಲ್ಲ. ಅವರ ಮುಖ ಸಪ್ಪಗಾಯಿತು. "ಹಾಳಾಗೇತೇನ್ರಿ?" ಎಂದರು. ಹಾಳಾಗಿರಲಿಲ್ಲ, ಎರಡನೆಯ ಬೀಗ ಬಾಕಿ ಇತ್ತು.

ಈ ತೊಂದರೆ ನಮ್ಮ ಕಡೆ ಮನೆಮನೆಯಲ್ಲಿದೆ. 1990ರ ದಶಕದಲ್ಲಿ ಗಡಹಿಂಗ್ಲಜ, ಸಂಕೇಶ್ವರ, ನಿಪ್ಪಾಣಿ, ಇಚಲಕರಂಜಿಯ ಮುದ್ರಣಾಲಯಗಳಿಗೆ ಡಿಟಿಪಿ ಬಂತು. ಮೊಳೆ ಜೋಡಿಸುವ ಕೆಲಸ ನಿಂತು, ಮಠದ ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಲಗ್ನಪತ್ರಿಕೆ ಎಲ್ಲವೂ ಫ್ಲಾಪಿಗೆ ಹೋದವು. ಒಂದೇ ಫೈಲಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಇನ್ನೊಂದು ಕಡೆ ಕ್ಯಾಸೆಟ್ಟುಗಳು: ಭಜನೆ, ಪ್ರವಚನ, ಚೌಡಿಕೆ ಪದ, ಶ್ರೀಕೃಷ್ಣ ಪಾರಿಜಾತದ ಆಟ. ಇವೆಲ್ಲ ಈಗ ಟ್ರಂಕಿನಲ್ಲಿ, ಅಟ್ಟದ ಮೇಲೆ, ವಾಚನಾಲಯದ ಕಪಾಟಿನ ತಳದಲ್ಲಿ ಬಿದ್ದಿವೆ.

ಖಿದ್ರಾಪುರದ ಕೋಪೇಶ್ವರ ಗುಡಿಯ ಕನ್ನಡ ಶಾಸನವನ್ನು ಲಿಪಿ ಬಲ್ಲವರು ಇಂದೂ ನಿಂತು ಓದಬಹುದು. ಫ್ಲಾಪಿಗೆ ಕಣ್ಣು ಸಾಲದು. ಯಂತ್ರ ಬೇಕು, ತಂತ್ರಾಂಶ ಬೇಕು, ಫಾಂಟೂ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಬರೀ ಪ್ಲಾಸ್ಟಿಕ್. ದೊಡ್ಡವರಿಗೂ ಈ ಪೆಟ್ಟು ಬಿದ್ದಿದೆ. ಇಂಗ್ಲೆಂಡಿನಲ್ಲಿ 1086ರ ಡೂಮ್ಸ್‌ಡೇ ಎಂಬ ಜಮೀನು ದಫ್ತರಕ್ಕೆ ಒಂಬೈನೂರು ವರ್ಷ ತುಂಬಿತೆಂದು ಬಿಬಿಸಿ 1986ರಲ್ಲಿ ಹೊಸ ದಫ್ತರವನ್ನೇ ಲೇಸರ್ ಡಿಸ್ಕಿನ ಮೇಲೆ ತಯಾರಿಸಿತು. ಹದಿನೈದು ವರ್ಷದಲ್ಲಿ ಅದನ್ನು ಓದುವ ಯಂತ್ರ ಸಿಗುವುದೇ ಕಷ್ಟವಾಯಿತು. ಹಳೆಯ ದಫ್ತರ ಮಾತ್ರ ಓದಲು ಸಿಗುತ್ತಲೇ ಇತ್ತು. ಸೋನಿ ಕಂಪನಿ ಫ್ಲಾಪಿ ಮಾರುವುದನ್ನು 2011ರಲ್ಲಿ ನಿಲ್ಲಿಸಿತು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಕೈಬಿಟ್ಟಿತು.

ಮೊದಲು ಒಂದು ಕಾರಣ ತಿಳಿಯಿರಿ

ಫ್ಲಾಪಿಯೊಳಗೆ ಇರುವುದು ಕಾಂತೀಯ ಪುಡಿ ಬಳಿದ ತೆಳು ಹಾಳೆ. ಕ್ಯಾಸೆಟ್ಟಿನ ಟೇಪೂ ಅದೇ ಜಾತಿ. ಪುಡಿಯನ್ನು ಹಿಡಿದಿಡುವ ಅಂಟು ವರ್ಷಗಳು ಕಳೆದಂತೆ, ಅದರಲ್ಲೂ ತೇವದಲ್ಲಿ, ಸಡಿಲವಾಗುತ್ತದೆ. ಡ್ರೈವಿನ ಹೆಡ್ ಹಾಳೆಯನ್ನು ಮುಟ್ಟಿಯೇ ಓದುವುದು. ಹಾಗಾಗಿ ಪ್ರತಿ ಓದೂ ಒಂದಿಷ್ಟು ಸವೆತ. ಇಪ್ಪತ್ತೈದು ವರ್ಷ ಸುಮ್ಮನಿದ್ದ ಫ್ಲಾಪಿ ಮೊದಲ ಸಲ ಚೆನ್ನಾಗಿ ಓದಿ, ಮೂರನೆಯ ಸಲಕ್ಕೆ ಕೈಕೊಡಬಹುದು. ನೀವು "ಏನಿದೆ ನೋಡೋಣ" ಎಂದು ಒಂದೊಂದೇ ಫೈಲು ತೆರೆಯುತ್ತ ಕುಳಿತರೆ ಅದರ ಉಳಿದ ಆಯುಷ್ಯವನ್ನು ಕುತೂಹಲಕ್ಕೆ ಖರ್ಚು ಮಾಡಿದಂತೆ.

ಆದ್ದರಿಂದ ಕ್ರಮ ಇಷ್ಟೇ: ಮೊದಲು ಪೂರ್ತಿ ಪ್ರತಿ, ಆಮೇಲೆ ನೋಟ. ಪೂರ್ತಿ ಪ್ರತಿ ಎಂದರೆ ಫೈಲುಗಳನ್ನು ಎಳೆದು ಹಾಕುವುದಲ್ಲ. ಫ್ಲಾಪಿಯ ಮೊದಲ ಸೆಕ್ಟರಿನಿಂದ ಕೊನೆಯದರವರೆಗೆ ಇದ್ದುದನ್ನು ಇದ್ದಂತೆ ಒಂದೇ ಫೈಲಾಗಿ ಇಳಿಸಿಕೊಳ್ಳುವುದು. ಇದಕ್ಕೆ ಇಮೇಜ್ ಎನ್ನುತ್ತಾರೆ. ಫೈಲು ಅಳಿಸಿದಾಗ ಸಾಮಾನ್ಯವಾಗಿ ಪಟ್ಟಿಯಲ್ಲಿನ ಹೆಸರಿಗೆ ಗುರುತು ಬೀಳುತ್ತದೆಯೇ ಹೊರತು ಒಳಗಿನದು ಆ ಕ್ಷಣಕ್ಕೆ ಹೋಗುವುದಿಲ್ಲ. ಅಳಿಸಿದ ಲೇಖನವೂ ಇಮೇಜಿನಲ್ಲಿ ಸಿಕ್ಕಬಹುದು.

ಫ್ಲಾಪಿಯ ಕೆಲಸ, ಹಂತ ಹಂತವಾಗಿ

1. ಬರೆಯದಂತೆ ಬೀಗ ಹಾಕಿ. ಮೂರೂವರೆ ಇಂಚಿನ ಫ್ಲಾಪಿಯ ಮೂಲೆಯಲ್ಲಿ ಜಾರುವ ಚಿಕ್ಕ ಚಿಪ್ಪಿದೆ. ತೂತು ತೆರೆದು ಬೆಳಕು ಕಾಣುವಂತೆ ಸರಿಸಿದರೆ ಬೀಗ ಬಿತ್ತು. ಹಳೆಯ ಐದೂಕಾಲು ಇಂಚಿನದಕ್ಕೆ ಇದು ತಿರುಗುಮುರುಗು: ಅಂಚಿನ ಕಚ್ಚನ್ನು ಬೆಳಕು ಹಾಯದ ಅಂಟುಪಟ್ಟಿಯಿಂದ ಮುಚ್ಚಬೇಕು.

2. ಕಣ್ಣಿನಿಂದ ನೋಡಿ. ಲೋಹದ ಬಾಗಿಲನ್ನು ಸರಿಸಿ, ಹಿಂಬದಿಯ ಬಿಲ್ಲೆಯನ್ನು ಬೆರಳಿನಿಂದ ನಿಧಾನ ತಿರುಗಿಸಿ. ಬಿಳಿ ಚುಕ್ಕೆ, ಹತ್ತಿಯಂಥ ಎಳೆ ಕಂಡರೆ ಬೂಷ್ಟು. ಅದನ್ನು ಡ್ರೈವಿಗೆ ತುರುಕಬೇಡಿ. ಬೂಷ್ಟು ಹೆಡ್ಡಿಗೆ ಅಂಟಿ ಮುಂದಿನ ಹತ್ತು ಒಳ್ಳೆಯ ಫ್ಲಾಪಿಗಳನ್ನೂ ಗೀರುತ್ತದೆ. ಬೇರೆ ಚೀಲದಲ್ಲಿ ಇಟ್ಟು, ಎಲ್ಲಕ್ಕೂ ಕೊನೆಗೆ ನೋಡಿ.

3. ಡ್ರೈವ್ ಹುಡುಕಿ. ಯುಎಸ್‌ಬಿ ಫ್ಲಾಪಿ ಡ್ರೈವ್ ಇಂದೂ ಸಿಗುತ್ತದೆ. ಆದರೆ ಅದು ಮೂರೂವರೆ ಇಂಚಿನದಕ್ಕೆ ಮಾತ್ರ. ಐದೂಕಾಲು ಇಂಚಿನದಕ್ಕೆ ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಡ್ರೈವ್, ಜೊತೆಗೆ ಗ್ರೀಸ್‌ವೀಜಲ್ ಎಂಬ ಪುಟ್ಟ ಬೋರ್ಡು ಬೇಕು. ಈ ಬೋರ್ಡು ಸೊನ್ನೆ-ಒಂದನ್ನು ಓದುವ ಬದಲು ಹಾಳೆಯ ಕಾಂತೀಯ ಏರಿಳಿತವನ್ನೇ ಹಿಡಿದುಕೊಳ್ಳುತ್ತದೆ. ಅರ್ಥ ಬಿಡಿಸುವುದು ಆಮೇಲೆ. ಹೊಸ ಡ್ರೈವನ್ನು ಮೊದಲು ನಿಮಗೆ ಬೇಡವಾದ ಫ್ಲಾಪಿಯಿಂದ ಪರೀಕ್ಷಿಸಿ.

4. ಇಮೇಜ್ ತೆಗೆಯಿರಿ. ವಿಂಡೋಸಿನಲ್ಲಿ ವಿನ್‌ಇಮೇಜ್, ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ. ನನ್ನ ಮತ ಎರಡನೆಯದಕ್ಕೆ, ಅದೂ ಪುಕ್ಕಟೆ. ಅದು ಸುಲಭವಾಗಿ ಓದುವ ಭಾಗವನ್ನು ಮೊದಲು ದೋಚಿಕೊಂಡು, ಹಟ ಮಾಡುವ ಸೆಕ್ಟರುಗಳಿಗೆ ಕೊನೆಯಲ್ಲಿ ಬರುತ್ತದೆ. ಎಲ್ಲಿಗೆ ಬಂದೆ ಎಂಬ ನಕ್ಷೆಯನ್ನೂ ಬರೆದಿಡುತ್ತದೆ. ಹಾಗಾಗಿ ಇವತ್ತು ಒಂದು ಡ್ರೈವಿನಲ್ಲಿ ಬಿಟ್ಟ ಕೆಲಸವನ್ನು ನಾಳೆ ಇನ್ನೊಂದರಲ್ಲಿ ಮುಂದುವರಿಸಬಹುದು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ಅಪರೂಪವೇನಲ್ಲ.

5. ಅಳತೆ ನೋಡಿ. 1.44 ಎಂಬಿ ಎಂದು ಬರೆದ ಫ್ಲಾಪಿಯಲ್ಲಿ 512 ಬೈಟಿನ 2,880 ಸೆಕ್ಟರು. ಇಮೇಜಿನ ಗಾತ್ರ ಸರಿಯಾಗಿ 14,74,560 ಬೈಟು ಇರಬೇಕು. ಕಡಿಮೆ ಇದ್ದರೆ ಕೆಲಸ ಅರ್ಧಕ್ಕೆ ನಿಂತಿದೆ.

6. ಮೊಹರು ಹಾಕಿ. ಸೆವೆನ್-ಜಿಪ್ ಹಾಕಿಕೊಂಡರೆ ಫೈಲಿನ ಮೇಲೆ ಬಲಗುಂಡಿ ಒತ್ತಿದಾಗ ಎಸ್‌ಎಚ್‌ಎ-256 ಎಂಬ ಲೆಕ್ಕ ಸಿಗುತ್ತದೆ. ಫೈಲಿನ ಒಂದು ಬಿಟ್ ಬದಲಾದರೂ ಈ ಉದ್ದನೆಯ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಅದನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟರೆ ಐದು ವರ್ಷದ ನಂತರವೂ ಪ್ರತಿ ಸರಿಯಿದೆಯೇ ಎಂದು ನೋಡಬಹುದು. ಮೂಲ ಇಮೇಜನ್ನು ಇನ್ನು ಮುಟ್ಟಬೇಡಿ. ಕೆಲಸವೆಲ್ಲ ಅದರ ನಕಲಿನ ಮೇಲೆ.

7. ಲೇಬಲ್ಲಿನ ಫೋಟೋ ತೆಗೆಯಿರಿ. ಎರಡೂ ಬದಿ. "ಅಂಕ 3, ತಿದ್ದಿದ್ದು" ಎಂದು ಪೆನ್ಸಿಲ್ಲಿನಲ್ಲಿ ಗೀಚಿದ ಎರಡು ಪದ ಒಳಗಿನ ಇಪ್ಪತ್ತು ಫೈಲುಗಳ ಗೊಂದಲವನ್ನು ಬಿಡಿಸೀತು.

ಎರಡನೆಯ ಬೀಗ: ಫಾಂಟು

ಇಂಗ್ಲಿಷ್ ಪುಸ್ತಕಗಳಲ್ಲಿ ಕೊಡುವ ಸಲಹೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ನಮಗೆ ಇಲ್ಲಿಂದ ಶುರು.

ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫೈಲಿನಲ್ಲಿ ಇರುವುದು ಇಂಗ್ಲಿಷಿನ ದೊಡ್ಡ ಪಿ. ನುಡಿ ಫಾಂಟು ಅಲ್ಲಿ 'ಕ'ದ ಮೈ ತೋರಿಸುತ್ತದೆ. ಅದರ ಪಕ್ಕ ಗೀಟು ಹೊತ್ತ ಎ ಬಂದರೆ ಅದು ತಲೆಕಟ್ಟು. ಪೌಂಡ್ ಚಿಹ್ನೆಯೇ 'ನ'. ನನ್ನ ಪರಿಚಿತರ ಫೈಲಿನ ತುಂಬ ಕಂಡದ್ದು ಇದೇ. ನಿಮಗೂ ಪೌಂಡ್ ಚಿಹ್ನೆ ಮತ್ತು ಗೀಟಿನ ಎ ಮೇಲಿಂದ ಮೇಲೆ ಕಂಡರೆ ಅದು ನುಡಿ ಅಥವಾ ಬರಹದ ಬಳಗದ್ದು ಎಂದು ಮೊದಲು ಶಂಕಿಸಿ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಇವುಗಳ ಜೋಡಣೆ ಬೇರೆ. ಒಂದರ ಕೀಲಿ ಇನ್ನೊಂದಕ್ಕೆ ಹತ್ತದು.

ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೂ ತನ್ನದೇ ಮನೆಯಿದೆ. ಆದರೆ ನಮ್ಮ ಡಿಟಿಪಿ ಅಂಗಡಿಗಳು ಆ ಮನೆಗೆ ಹೋಗಲು ಬಹಳ ವರ್ಷ ತೆಗೆದುಕೊಂಡವು. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ ಯುನಿಕೋಡ್ ಕನ್ನಡವನ್ನು ಒಪ್ಪುತ್ತಿರಲಿಲ್ಲ ಎಂಬುದು ದೊಡ್ಡ ಕಾರಣ. ಅಂಗಡಿಯವರನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಮಾಡಬೇಕಾದ್ದು ಹೀಗೆ. ಫೈಲು ವರ್ಡಿನದಾಗಿದ್ದರೆ ತೆರೆದು, ಮೊದಲ ಸಾಲಿನ ಮೇಲೆ ಕರ್ಸರ್ ಇಟ್ಟು, ಮೇಲಿನ ಪಟ್ಟಿಯಲ್ಲಿ ಫಾಂಟಿನ ಹೆಸರು ಓದಿ ಬರೆದುಕೊಳ್ಳಿ. ಆ ಫಾಂಟು ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಹೆಸರು ಕಾಣುತ್ತದೆ. ಫಾಂಟು ಸಿಕ್ಕಿ ಹಾಕಿಕೊಂಡರೆ ಅಕ್ಷರ ಆ ಕ್ಷಣವೇ ಕನ್ನಡವಾಗುತ್ತದೆ. ಅದು ಕಣ್ಣಿಗೆ ಮಾತ್ರ ಕನ್ನಡ, ಹುಡುಕಿದರೆ ಸಿಗುವುದಿಲ್ಲ. ಆದ್ದರಿಂದ ಪರಿವರ್ತಕದಿಂದ ಯುನಿಕೋಡಿಗೆ ಒಯ್ಯಬೇಕು. ನುಡಿ, ಬರಹ ತಂತ್ರಾಂಶಗಳಲ್ಲೇ ಈ ಸೌಲಭ್ಯವಿದೆ. ಶ್ರೀಲಿಪಿಯದಕ್ಕೆ ಯಾವ ಕಾಲದ ಯಾವ ಸರಣಿಯ ಫಾಂಟು ಎಂದು ಗೊತ್ತಿರಬೇಕು.

ಗಡಿಭಾಗದವರಿಗೆ ಒಂದು ವಿಶೇಷ ಎಚ್ಚರಿಕೆ. ಕನ್ನಡ, ಮರಾಠಿ ಎರಡೂ ಇರುವ ಫೈಲನ್ನು ಇಡಿಯಾಗಿ ಪರಿವರ್ತಕಕ್ಕೆ ಕೊಟ್ಟರೆ ಮರಾಠಿಯ ಭಾಗವೂ ಕನ್ನಡವೆಂದೇ ತಿಳಿದು ಅದನ್ನು ಕಿಚಡಿ ಮಾಡಿಬಿಡುತ್ತದೆ. ಯಾವುದು ಯಾವ ಭಾಷೆ ಎಂಬುದಕ್ಕೆ ಅಂಥ ಫೈಲಿನಲ್ಲಿ ಇರುವ ಏಕೈಕ ಸಾಕ್ಷಿ ಫಾಂಟಿನ ಹೆಸರು. ಅದಕ್ಕೇ ಹಳೆಯ ಫೈಲನ್ನು ಎಂದೂ ಸಾದಾ ಟೆಕ್ಸ್ಟ್ ಆಗಿ ಉಳಿಸಬೇಡಿ. ಫಾಂಟಿನ ಹೆಸರು ಉದುರಿ, ಎರಡು ಭಾಷೆ ಒಂದೇ ಹಿಟ್ಟಾಗುತ್ತವೆ. ವರ್ಡಿನ ಹುಡುಕು-ಬದಲಿಸು ಕಿಟಕಿಯಲ್ಲಿ ಫಾಂಟಿನ ಹೆಸರಿನಿಂದಲೂ ಹುಡುಕಬಹುದು. ಮರಾಠಿ ಫಾಂಟಿನ ಭಾಗಕ್ಕೆಲ್ಲ ಕೆಂಪು ಬಣ್ಣ ಬಳಿದುಕೊಂಡು, ಎರಡನ್ನೂ ಬೇರೆ ಬೇರೆ ಪರಿವರ್ತಿಸಿ, ಮತ್ತೆ ಸೇರಿಸಿ. ಹೊತ್ತು ಹಿಡಿಯುತ್ತದೆ. ಅಡ್ಡದಾರಿ ನನಗೆ ಕಂಡಿಲ್ಲ.

ಡಾಸ್ ಕಾಲದಲ್ಲಿ ಭಾರತೀಯ ಲಿಪಿ ಮೂಡಿಸಲು ಕಂಪ್ಯೂಟರಿಗೆ ಹಾಕುತ್ತಿದ್ದ ಜಿಸ್ಟ್ ಕಾರ್ಡಿನ ಫೈಲುಗಳಲ್ಲಿ ಇನ್ನೊಂದು ತಮಾಷೆ. ಅಲ್ಲಿನ ಇಸ್ಕಿ ಸಂಕೇತದಲ್ಲಿ ಬ್ರಾಹ್ಮಿ ಮೂಲದ ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಖ್ಯೆ. ಕನ್ನಡದ 'ಕ'ಕ್ಕೂ ದೇವನಾಗರಿಯ 'ಕ'ಕ್ಕೂ ವ್ಯತ್ಯಾಸವಿಲ್ಲ. ಲಿಪಿ ಯಾವುದೆಂಬ ಗುರುತು ಬೇರೆ. ಹಾಗಾಗಿ ದೇವನಾಗರಿಯಲ್ಲಿ ತೆರೆದುಕೊಂಡ ಫೈಲನ್ನು ಮರಾಠಿ ಎಂದು ಪಕ್ಕಕ್ಕಿಡುವ ಮುನ್ನ ಎರಡು ಸಾಲು ಬಾಯಿಬಿಟ್ಟು ಓದಿ. ಅಚ್ಚ ಕನ್ನಡ ಕೇಳಿಸೀತು!

ಪರಿವರ್ತನೆ ಆದ ಮೇಲೆ ಕರಡು ತಿದ್ದಲೇಬೇಕು. ಮೊದಲು ಅರ್ಕಾವತ್ತು ನೋಡಿ. ನುಡಿಯಲ್ಲಿ 'ಧರ್ಮ' ಎಂಬಲ್ಲಿನ ಅರ್ಕಾವತ್ತು ಅಕ್ಷರದ ಕೊನೆಗೆ ಬರುತ್ತದೆ, ಯುನಿಕೋಡಿನಲ್ಲಿ ಮೊದಲಿಗೆ. ಪರಿವರ್ತಕ ಅದನ್ನು ಹೊತ್ತು ಹಿಂದಕ್ಕೆ ಇಡಬೇಕು, ಎಡವುವುದು ಅಲ್ಲೇ. ಆಮೇಲೆ ಎರಡು ಒತ್ತು ಇರುವ ಅಕ್ಷರ, ಉದ್ಧರಣ ಚಿಹ್ನೆ, ಅಂಕಿ.

ಪೇಜ್‌ಮೇಕರ್ ಫೈಲು ಇನ್ನೂ ಗಟ್ಟಿ ಕಾಯಿ. ಲಿಬ್ರೆಆಫೀಸ್ ಕೆಲವನ್ನು ತೆರೆಯುತ್ತದೆ. ಪುಟದ ಅಂದ ಕೆಡಬಹುದು, ಪಠ್ಯ ಸಿಕ್ಕರೆ ಸಾಕು. ಏನೂ ಆಗದಿದ್ದರೆ ಅಚ್ಚಾದ ಪುಸ್ತಕದ ಒಂದು ಪ್ರತಿ ಹುಡುಕಿ ಸ್ಕ್ಯಾನ್ ಮಾಡಿ. ಟೆಸರ್ಯಾಕ್ಟ್ ಎಂಬ ಪುಕ್ಕಟೆ ತಂತ್ರಾಂಶ ಕನ್ನಡ ಅಚ್ಚನ್ನು ಓದುತ್ತದೆ. ಎಷ್ಟೋ ಸಲ ಅದೇ ಹತ್ತಿರದ ದಾರಿ.

ಕ್ಯಾಸೆಟ್ಟು: ಹೆಡ್ಡಿನ ಓರೆಯೇ ಗುಟ್ಟು

ಟೇಪಿಗೆ ಕೈ ಹಚ್ಚುವ ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲು ಮುರಿಯಿರಿ. ಮುರಿದರೆ ಅದರ ಮೇಲೆ ರೆಕಾರ್ಡ್ ಗುಂಡಿ ಒತ್ತಲು ಬರುವುದಿಲ್ಲ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಒಳಗೆ ಇದೆಯೇ ನೋಡಿ. ಹಳೆಯದರಲ್ಲಿ ಅಂಟು ಬಿಟ್ಟು ಬಿದ್ದಿರುತ್ತದೆ. ಬಿದ್ದಿದ್ದರೆ ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಗೂಡಿಗೆ ಟೇಪನ್ನು ಬದಲಿಸಿ.

ಹೆಡ್ಡು ಮತ್ತು ಟೇಪನ್ನು ಎಳೆಯುವ ಲೋಹದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಪ್ರತಿ ಕ್ಯಾಸೆಟ್ಟಿನ ನಂತರ ಒರೆಸಿ. ಸೆಂಟು, ಸ್ಪಿರಿಟ್ಟು, ಸೀಮೆಎಣ್ಣೆ ಬೇಡ.

ದನಿ ಕಂಬಳಿ ಹೊದ್ದಂತೆ ಮಂದವಾಗಿದ್ದರೆ ಟೇಪು ಹೋಯಿತು ಎಂದುಕೊಳ್ಳಬೇಡಿ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಒಂದಿಷ್ಟು ಓರೆಯಿದ್ದಿರಬಹುದು, ನಿಮ್ಮದು ನೆಟ್ಟಗಿದೆ. ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ತಾಳದ ಕಿಣಿಕಿಣಿ ಎಲ್ಲಿ ಅತ್ಯಂತ ಸ್ಪಷ್ಟವಾಗುತ್ತದೋ ಅಲ್ಲಿ ನಿಲ್ಲಿಸಿ. ಭಜನೆಯ ಕ್ಯಾಸೆಟ್ಟಾದರೆ ಈ ಕೆಲಸಕ್ಕೆ ತಾಳವೇ ಒಳ್ಳೆಯ ಅಳತೆಗೋಲು. ತಂತ್ರಾಂಶದಿಂದ ಆಮೇಲೆ ಎಷ್ಟು ತಿಕ್ಕಿದರೂ ಈ ಸ್ಪಷ್ಟತೆ ಬರುವುದಿಲ್ಲ.

ಡೆಕ್ಕಿನ ಲೈನ್ ಔಟಿನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ಜೋಡಿಸಿ. ಮೈಕಿನ ತೂತಿಗೆ ಬೇಡ, ದನಿ ಒಡೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ಲೈನ್ ಇನ್ ಇಲ್ಲದಿದ್ದರೆ ಯುಎಸ್‌ಬಿ ಆಡಿಯೊ ಪೆಟ್ಟಿಗೆ ಬೇಕು. ಅಡಾಸಿಟಿ ತಂತ್ರಾಂಶದಲ್ಲಿ 48 ಕಿಲೊಹರ್ಟ್ಸ್, 24 ಬಿಟ್, ವೇವ್ ಫೈಲು: ಒಂದು ಗಂಟೆಗೆ ಸುಮಾರು 1 ಜಿಬಿ. ಸರಸರ ಸದ್ದನ್ನು ತೆಗೆಯುವ ಆಟ ನಕಲಿನ ಮೇಲೆ ಆಡಿ, ಮೂಲ ಫೈಲಿನಲ್ಲಿ ಅದು ಹಾಗೇ ಇರಲಿ. ಎಂಪಿ3 ವಾಟ್ಸ್‌ಆ್ಯಪಿನಲ್ಲಿ ಹಂಚಲು ಸರಿ, ಕಾದಿಡಲು ಅಲ್ಲ.

ಸಿಡಿ, ಹಾರ್ಡ್ ಡಿಸ್ಕ್: ಚುಟುಕಾಗಿ

ಸಿಡಿಯ ಮಾಹಿತಿ ಕೂತಿರುವುದು ಹೊಳೆಯುವ ಬದಿಗಲ್ಲ, ಬರೆಯುವ ಬದಿಗೆ ಹತ್ತಿರ. ಅಲ್ಲಿ ಬಾಲ್‌ಪೆನ್ನಿನಿಂದ ಬರೆಯುವುದು, ಸ್ಟಿಕರ್ ಕೀಳುವುದು ಎರಡೂ ಅಪಾಯ. ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಒರೆಸಿ, ಗುಂಡಗೆ ತಿಕ್ಕಬೇಡಿ. ಖಾಲಿ ಎಂದು ತೋರಿಸಿದರೆ ಬೇರೆ ಡ್ರೈವಿನಲ್ಲಿ ನೋಡಿ. ಹಲವು ಸಲಕ್ಕೆ ಬರೆದ ಸಿಡಿಯಲ್ಲಿ ಹಿಂದಿನ ಭಾಗಗಳು ಅಡಗಿರುತ್ತವೆ. ಐಸೊಬಸ್ಟರ್ ತಂತ್ರಾಂಶ ಅವನ್ನು ತೋರಿಸುತ್ತದೆ.

ಹಳೆಯ ಹಾರ್ಡ್ ಡಿಸ್ಕಿಗೆ ಬೇರೆ ವಿದ್ಯುತ್ ಕೊಡುವ ಅಡಾಪ್ಟರ್ ಬೇಕು. ಟಕ್ ಟಕ್ ಸದ್ದು ಬಂದರೆ ಆ ಕ್ಷಣ ಸ್ವಿಚ್ ತೆಗೆಯಿರಿ. ಅಲ್ಲಿಂದ ಮುಂದಿನದು ತಜ್ಞರ ಪ್ರಯೋಗಾಲಯದ ಕೆಲಸ, ಮನೆಯಲ್ಲಿ ಮುಚ್ಚಳ ಬಿಚ್ಚುವುದು ಬೇಡ.

ಎಲ್ಲರೂ ಮಾಡುವ ತಪ್ಪುಗಳು

ಡ್ರೈವಿಗೆ ಫ್ಲಾಪಿ ಓದಲಾಗದಿದ್ದಾಗ ವಿಂಡೋಸು "ಫಾರ್ಮ್ಯಾಟ್ ಮಾಡಲೇ?" ಎಂದು ವಿನಯದಿಂದ ಕೇಳುತ್ತದೆ. ಬೀಗ ಹಾಕದ ಫ್ಲಾಪಿಯೊಂದಕ್ಕೆ ನಾನೂ ಒಮ್ಮೆ ಹೂಂ ಎಂದಿದ್ದೆ. ಹೋದದ್ದು ಹೋಯಿತು. ಮೇಲಿನ ಪಟ್ಟಿಯಲ್ಲಿ ಬೀಗ ಮೊದಲನೆಯದಾಗಿರುವುದು ಅದಕ್ಕೆ.

ಒದ್ದೆಯಾದದ್ದನ್ನು ಬಿಸಿಲಿಗೆ ಹಾಕುವುದು ಇನ್ನೊಂದು. 2005, 2019, 2021ರ ನೆರೆ ಕಂಡ ಕೊಲ್ಹಾಪುರ ಜಿಲ್ಲೆಯಲ್ಲಿ ಇದು ಊಹೆಯ ಮಾತಲ್ಲ. ಕೆಸರು ಒಣಗುವ ಮುನ್ನ ಕ್ಯಾಸೆಟ್ಟು, ಸಿಡಿಗಳನ್ನು ಶುದ್ಧ ನೀರಿನಲ್ಲಿ ಜಾಲಾಡಿ, ನೆರಳಿನಲ್ಲಿ ಗಾಳಿಗೆ ಆರಿಸಿ. ಹಾರ್ಡ್ ಡಿಸ್ಕಿಗೆ ಮಾತ್ರ ವಿದ್ಯುತ್ ಕೊಟ್ಟು ನೋಡಬೇಡಿ, ಅಕ್ಕಿಯಲ್ಲೂ ಹೂಳಬೇಡಿ.

ಪ್ರತಿ ಮಾಡಿ ಎಲ್ಲವನ್ನೂ ಒಂದೇ ಪೆನ್‌ಡ್ರೈವಿಗೆ ತುಂಬಿ ದೇವರ ಮನೆಯಲ್ಲಿ ಇಡುವವರಿದ್ದಾರೆ. ಪೆನ್‌ಡ್ರೈವ್ ಸಾಗಿಸಲು ಮಾತ್ರ. ಬೇರೆ ಬೇರೆ ಕಂಪನಿಯ ಎರಡು ಹಾರ್ಡ್ ಡಿಸ್ಕ್ ಇರಲಿ: ಒಂದು ನಿಮ್ಮಲ್ಲಿ, ಇನ್ನೊಂದು ಹೊಳೆಯ ದಂಡೆ ಬಿಟ್ಟು ದೂರದಲ್ಲಿ, ಬೆಳಗಾವಿಯ ಮಗಳ ಮನೆಯಲ್ಲೋ ಪುಣೆಯ ಅಳಿಯನ ಮನೆಯಲ್ಲೋ. ಹಿರಣ್ಯಕೇಶಿ ಹೊಳೆ ಏರಿದರೆ ಒಂದೇ ಓಣಿಯ ಎರಡು ಪ್ರತಿ ಒಟ್ಟಿಗೇ ಹೋಗುತ್ತವೆ. ಹಂಚಲು ಅಡ್ಡಿಯಿಲ್ಲದ್ದನ್ನು, ಬರೆದವರ ಅಥವಾ ಹಾಡಿದವರ ಮನೆಯವರ ಒಪ್ಪಿಗೆ ಪಡೆದು, ಇಂಟರ್ನೆಟ್ ಆರ್ಕೈವಿಗೂ ಏರಿಸಿ. ಜನಪದ ಧ್ವನಿಮುದ್ರಣ ದೊಡ್ಡ ಪ್ರಮಾಣದಲ್ಲಿದ್ದರೆ ಉಡುಪಿಯ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರದಂಥ ಕಡೆ ವಿಚಾರಿಸಬಹುದು.

ಪ್ರತಿ ತೆಗೆದ ಮೇಲೆ ಮೂಲ ಫ್ಲಾಪಿ, ಕ್ಯಾಸೆಟ್ಟನ್ನು ಬಿಸಾಡುವ ಆತುರವೂ ಬೇಡ. ಗ್ರೀಸ್‌ವೀಜಲಿನಂಥ ಬೋರ್ಡುಗಳು ಬಂದದ್ದು ಫ್ಲಾಪಿಯ ಕಾಲ ಮುಗಿದ ಮೇಲೆ. ಇವತ್ತು ಓದದ ಎರಡು ಫ್ಲಾಪಿ ನನ್ನ ಬಳಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಕಾಯುತ್ತಿವೆ.

ಪರಿಚಿತರ ಪುಸ್ತಕದ ಮಾತು ಉಳಿಯಿತು. ಒಂಬತ್ತು ಫ್ಲಾಪಿಯಿಂದ ಎಂಟು ಅಧ್ಯಾಯ ಸಿಕ್ಕಿ, ಐದು ಸಂಜೆ ಕೂತು ತಿದ್ದಿದೆವು. ಕಾಣೆಯಾದ ಅಧ್ಯಾಯ ಬೂಷ್ಟು ಹಿಡಿದವುಗಳಲ್ಲಿ ಇರಬಹುದು.

ನಿಮ್ಮ ಅಟ್ಟದ ಗಂಟನ್ನು ಮಿರಗದ ಮಳೆ ಹಿಡಿಯುವ ಮುನ್ನ ಇಳಿಸಿ. ಹೆಸರಿಲ್ಲದ ಕ್ಯಾಸೆಟ್ಟಿನ ಪ್ರತಿ ಆದ ಕೂಡಲೆ ಊರಿನ ಹಿರಿಯರಿಗೆ ಕೇಳಿಸಿ, ಹಾಡಿದವರು ಯಾರು, ತಾಳ ಹಿಡಿದವರು ಯಾರು, ಯಾವ ಜಾತ್ರೆ ಎಂದು ಕೇಳಿ ಬರೆದುಕೊಳ್ಳಿ. ಆ ದನಿಗಳನ್ನು ಗುರುತಿಸಬಲ್ಲವರಿಗೆ ಈಗ ಎಂಬತ್ತರ ಹತ್ತಿರ.